ಹತ್ತು ನಿಮಿಷ

ಲಕ್ಷ್ಮೀ ರೋಡಿನ ತಿರುವಿನಾಗ ಗಾಡಿ ನಿಲ್ಲಿಸಿ
ಮುಥಾ ಸೇಠ್ ಗುಳಿಗಿ ತರಾಕ ಇಳಿದರು.
ಸೀಟಿನ ಮ್ಯಾಲ ಉಳಿದದ್ದು
ಕನ್ನಡಕದ ಡಬ್ಬಿ, ಅರ್ಧ ತಿಂದ ಬಾಕರವಡಿ,
ಮತ್ತ ರಿವಾಲ್ವರು.

ಮುಚ್ಚಿಟ್ಟರ ಸಂಶಯ ಬರತೈತಿ, ಕಾಣೂ ಹಂಗ ಇಡ್ರಿ
ಅಂತ ಯಾರೋ ವಕೀಲ ಅಂದಿದ್ದನಂತ.
ಅದಕ್ಕ ಅದು ಬಿಸಿಲು ಕಾಯಿಸಿಕೊಂತ ಮಲಗಿತ್ತು,
ಸಾಕಿದ ಬೆಕ್ಕಿನಂಗ.

ಹವಾಲ್ದಾರ ಗಾಜು ಬಡಿದ.
ಲೈಸೆನ್ಸ್?
ನಾ ಗಾಡೀದು ಕೊಟ್ಟೆ.
ಇದರದು?
ಇದರದು ಔಷಧದ ಅಂಗಡ್ಯಾಗ
ಸಾಲಿನಾಗ ನಿಂತೈತ್ರಿ, ಬಿ.ಪಿ. ಗುಳಿಗಿಗೆ.

ಅವ ನಗಲಿಲ್ಲ.
ತೋರಿಸಿದರ ಹೆದರಿಸಿದಂಗ,
ಮುಚ್ಚಿದರ ಹೊಂಚು ಹಾಕಿದಂಗ,
ಅದು ಬ್ಯಾರೆ ಮಾತು.
ಈಗ, ಈ ಹೊತ್ತಿನಾಗ,
ಇದು ಯಾರ ತಾಬಾದಾಗೈತಿ?

ನನ್ನ ಎರಡೂ ಕೈ ಸ್ಟೇರಿಂಗಿನ ಮ್ಯಾಲ.
ಜಮಖಂಡಿ ಬಿಟ್ಟು ಹನ್ನೊಂದು ವರ್ಷ,
ಪುಣೆದಾಗ ನನ್ನ ಹೆಸರಿಗೆ ಒಂದು ಕಡ್ಡಿ ಇಲ್ಲ.
ಖೋಲಿ ಕರಾರು ಮಾವನ ಹೆಸರಿಗೆ,
ಗ್ಯಾಸು ಓನರಂದು.
ಇವತ್ತು ಕಾಯ್ದೆ ತಾನಾಗಿ ಬಂದು
ಕಿಟಕಿಯಾಗ ಬಗ್ಗಿ ಕೇಳಾಕತ್ತೈತಿ:
ನಿಂದೇನಪಾ ಇದು?

ದೂರದಾಗ ಸೇಠ್ ಚೀಟಿ ಬೀಸಿಕೊಂತ ಓಡಿ ಬರತಿದ್ದರು.

ಒಂದು ಇರುವಿ ನಳಿಗಿ ಹತ್ತಿ ಇಳಿದು
ಬಾಕರವಡಿ ಕಡೆ ಹೊಂಟಿತ್ತು.
ಅದನ್ನ ಯಾರೂ ಏನೂ ಕೇಳಲಿಲ್ಲ.