ಮೂರು ಕೊಟೇಶನ್

ಅಕೌಂಟ್ಸಿನ ಹೊಂಬಳ ಸರ್ ಹೇಳಿದ್ರು:
ಮೂರು ಕೊಟೇಶನ್ ತರ್ರಿ, ಕಡಿಮಿದ್ದಕ್ಕ ಸಹಿ ಮಾಡ್ತೀನಿ.
ಗಾಡಿಗೆ ಡ್ರೈವರ್ ಇರೂದಿಲ್ಲ ಸರ್, ಅಂದೆ.
ಕನ್ನಡಕ ಹಣಿಗೇರಿಸಿ ಕೇಳಿದ್ರು,
ಮತ್ತ ಸೀಟು ಯಾಕ?

ಸೀಟು ಯಾಕಂದ್ರ ಸ್ಪರ್ಧಾದ ನಿಯಮ ಐತಿ.
ಗಾಡಿ ತನ್ನಷ್ಟಕ್ಕ ತಾನ ತಿರುಗಬೇಕು,
ಯಾರರ ಕುಂತು ಸ್ಟಿಯರಿಂಗ್ ಹಿಡದ್ರ
ಅವರ ಮಾತೂ ಕೇಳಬೇಕು.
ಎರಡೂ.
ನಮ್ಮನ್ಯಾಗ ಅಂಥಾವ್ರು ಒಬ್ರೂ ಇಲ್ಲ.

ಮೊದಲ ಸಿಕ್ಕಿದ್ದು ವೈಪರ್ ಮೋಟರ್,
ಡಿಪೋದಾಗ ಸತ್ತ ಬಸ್ಸಿಂದು, ಆರನೂರು ರೂಪಾಯಿ.
ಇಮ್ತಿಯಾಜ ತಂತಿ ಮುಟ್ಟಿಸಿದ. ಗುರ್ ಅಂತು.
ಎಷ್ಟು ಮಳಿ ಒರಸಿತ್ತೋ, ಆ ಸಿಟ್ಟಿನ್ಯಾಗ
ಸ್ಟಿಯರಿಂಗ್ ತಿರುಗಿಸಿ ನಿಂತು ಬಿಡ್ತು.
ಈಗ ನೀ ತಿರುಗಿಸು ನೋಡೂಣು, ಅಂದ.
ಎರಡೂ ಕೈಲೆ ಜಗ್ಗಿದೆ, ಮೊಣಕಾಲು ಕೊಟ್ಟು ಜಗ್ಗಿದೆ.
ಒಳಗಿನ ವರ್ಮ್ ಗೇರು ಹಲ್ಲು ಕಚ್ಚಿ ಕುಂತಿತ್ತು;
ಇಟ್ಟ ಹೆಜ್ಜಿ ಹಿಂದ ತಗೊಳ್ಳೂದು
ಅದರ ವಂಶದಾಗ ಇಲ್ಲ.

ಸ್ಟೆಪ್ಪರ್ ಬಂದದ್ದು ಪುಣೆಯಿಂದ, ಥರ್ಮಾಕೋಲಿನ್ಯಾಗ ಮಲಗಿ, ಬಿಲ್ ಸಹಿತ.
ಭಾಳ ಶಾಣ್ಯಾ. ನೂರು ಹೆಜ್ಜಿ ಅಂದ್ರ ನೂರು.
ವರ್ಕ್‌ಶಾಪ್ ಮುಂದಿನ ತಗ್ಗಿನ್ಯಾಗ ಗಾಲಿ ಬಿದ್ದಾಗ
ಆರು ಹೆಜ್ಜಿ ತಪ್ಪಿದ. ಹೇಳಲಿಲ್ಲ.
ತೊಂಬತ್ನಾಕಕ್ಕ ನಿಂತು ನೂರಂತ ಬರಕೊಂಡ.
ನೆಟ್ಟಗ ಹೊಂಟೀನಿ ಅಂತ ಪೂರಾ ನಂಬಿಕೊಂಡು
ನಮ್ಮ ಕಾರ್ಟು ಕ್ಯಾಂಟೀನಿನ ಕಟ್ಟಿಗೆ ಹೋಗಿ ಬಡೀತು.
ಚಹಾದ ಗ್ಲಾಸು ನಾಕು, ಅದೂ ನಮ್ಮ ಖಾತೆಗೆ.

ಕಡೀಕ ಒಂದ ಸ್ಕೂಟರ್ ಮ್ಯಾಲೆ ಮೂವರು
ಗಬ್ಬೂರ ಬೈಪಾಸಿನ ಗುಜರಿಗೆ ಹೋದಿವಿ.
ಪದ್ಮಶ್ರೀ ಉಪಾಧ್ಯೆಯ ತೊಡಿ ಮ್ಯಾಲೆ ಮಲ್ಟಿಮೀಟರ್.
ಅಲ್ಲೆ ಕಾರುಗಳು ಬಾನೆಟ್ ತಕ್ಕೊಂಡು ಬಿಸಲಿಗೆ ಬಿದ್ದಿದ್ವು.
ದಸ್ತಗೀರ ಕಾಕಾ ಒಂದರ ಸ್ಟಿಯರಿಂಗ್ ಕಾಲಂ ಬಿಚ್ಚಿ
ಬಾಳಿಗೊನಿ ಹಂಗ ಹೆಗಲ ಮ್ಯಾಲೆ ತಂದ,
ಮೋಟರು ಅದಕ್ಕ ಜೋತುಬಿದ್ದಿತ್ತು.
ಎರಡು ಸಾವಿರದ ಎಂಟನೂರು. ಬಿಲ್ಲು ಗಿಲ್ಲು ಇಲ್ಲ.
"ಇದರೊಳಗ ಒಂದು ಸಣ್ಣ ಸಳಿ ಐತಿ,
ನೀ ತಿರುವಿದ್ರ ಕೂದಲೆಳಿಯಷ್ಟು ಹುರಿ ಆಗತೈತಿ.
ಎಷ್ಟು ಆತು ನೋಡಿ ಅಷ್ಟಕ್ಕ ಮೋಟರ್ ಕೈ ಹಚ್ಚತೈತಿ.
ಸೂಲಗಿತ್ತಿ ಇದ್ದಂಗ.
ತಾಯಿ ತಿಣುಕೂ ತನಕ ಸುಮ್ಮಕಿರತಾಳ."

ರಾತ್ರಿ ಲ್ಯಾಬಿನ್ಯಾಗ ಹನ್ನೆರಡು ವೋಲ್ಟು ಕೊಟ್ಟಿವಿ.
ತುಟಿ ಪಿಟಕ್ ಅನ್ನಲಿಲ್ಲ.
ತನ್ನ ಕಾರು ಸತ್ತದ್ದು ಅದಕ್ಕ ಯಾರೂ ಹೇಳಿಲ್ಲ,
ಇಂಜಿನ್ನಿನ ಸುದ್ದಿಗೆ ಕಾಯಾಕತ್ತಿತ್ತು.
ಪದ್ಮಶ್ರೀ ಎರಡು ತಂತಿ ಬೆಸದು ಸುಳ್ಳ ಸುದ್ದಿ ಕಳಿಸಿದಳು:
ಇಂಜಿನ್ ಚಾಲೂ ಐತಿ, ಒಂಬೈನೂರು ಸುತ್ತು, ಎಲ್ಲಾ ಆರಾಮ.
ರಸ್ತಾನೂ ಛಲೋ ಐತಿ ಅಂತ ಹಾಕು, ಅಂದ ಇಮ್ತಿಯಾಜ.
ಬ್ಯಾಡ, ಹುಬ್ಬಳ್ಳಿ ಕಾರದು, ನಂಬೂದಿಲ್ಲ.

ಟಕ್ ಅಂತು ರಿಲೇ.
ಕಿರಿಬೆರಳಲೆ ಮುಟ್ಟಿದೆ, ಬಂತು.

ಇನ್ನೊಂದು ಸುಳ್ಳು ಬಾಕಿ ಇತ್ತು.
ಯಾರೂ ಮುಟ್ಟದಾಗೂ ಯಾರೋ ಮುಟ್ಟ್ಯಾರ ಅನಿಸಬೇಕು.
ಅದಕ್ಕ ಹದಿನೇಳು ರಾತ್ರಿ ಹಿಡೀತು.
ಮೊದಮೊದಲು ಎಡ, ಬಲ, ಎಡ,
ನೊಣ ಹೊಡಿಯೂ ಎಮ್ಮಿ ಹಂಗ ತಲಿ ಒಗೀತಿತ್ತು.
ಅಂಕಿ ಇಳಿಸಿದಂಗ ಇಳಿಸಿದಂಗ ಶಾಂತ ಆತು.

ಹೊಂಬಳ ಸರ್ ಸಹಿ ಹಾಕಿದ್ದು ಕಡಿಮಿದ್ದಕ್ಕ, ಆರನೂರಕ್ಕ.
ಉಳದದ್ದು ನಾವ ಹಂಚಿಕೊಂಡಿವಿ. ನನ್ನ ಪಾಲು ಇನ್ನೂ ಕೊಟ್ಟಿಲ್ಲ.
ಸ್ಟಾಕ್ ಬುಕ್ಕಿನ್ಯಾಗ ನಮ್ಮ ಕಾರ್ಟು
ಇವತ್ತಿಗೂ ವೈಪರ್ ಮೋಟರಿನ ಮ್ಯಾಲೆ ತಿರುಗತೈತಿ.

ಶನಿವಾರ ಅವರೇ ಬಂದು ಸೀಟಿನ್ಯಾಗ ಕುಂತ್ರು,
ಫೈಲು ತೊಡಿ ಮ್ಯಾಲೆ, ಕೈ ಫೈಲಿನ ಮ್ಯಾಲೆ.
ಬೇವಿನ ಗಿಡದ ತಿರುವಿನ ತನಕ ಕಾರ್ಟ್ ತಾನ ಒಯ್ತು.
ಅಲ್ಲೆ ನಾಯಿ ಮಲಗಿತ್ತು.
ಫೈಲು ಬಿತ್ತು. ಸರ್ ಸ್ಟಿಯರಿಂಗ್ ಹಿಡದ್ರು.
ಅದು ಬಿಟ್ಟುಕೊಟ್ಟಿತು.

ಇಳದು, ಹಾಳಿ ಒಂದೊಂದ ಆರಿಸಿಕೊಂಡು,
ನನ್ನ ಕಡೆ ನೋಡದ ಕೇಳಿದ್ರು:
ವೈಪರು ಇಷ್ಟು ಮೆತ್ತಗಿರ್ತದೇನವಾ?

ಹೂಂ ಸರ್, ಅಂದೆ.