ಹಗೇವು

ಕಲಶೆಟ್ಟಿ ಮಾಸ್ತರರು ಕರಿಹಲಗೆಯ ನಡುವೆ ಒಂದು ಗೆರೆ ಎಳೆದರು:
ಈ ಕಡೆ ಜೀವ ಇದ್ದದ್ದು, ಆ ಕಡೆ ಇಲ್ಲದ್ದು.
ಅರ್ಧಕ್ಕೆ ಸೀಮೆಸುಣ್ಣ ಮುರಿದು ಗೆರೆ ಸೊಟ್ಟಾಯಿತು.
ನಮಗದೇನೂ ಹೊಸದಲ್ಲ.
ಅಕ್ಕಲಕೋಟೆ ತಾಲೂಕಿನ ಕಟ್ಟಕಡೆಯ ಊರು ನಮ್ಮದು;
ಬದುವಿನ ಈಚೆ ಮುಂಬಯಿ, ಆಚೆ ಬೆಂಗಳೂರು,
ಬದುವಿನ ಬೇವು ಮಾತ್ರ
ಬೆಳಿಗ್ಗೆ ಒಂದು ರಾಜ್ಯಕ್ಕೆ ನೆರಳು ಕೊಟ್ಟು
ಸಂಜೆ ಇನ್ನೊಂದಕ್ಕೆ ಕೊಡುತ್ತಿತ್ತು.

ಜೀವ ಇದ್ದದ್ದು ಉಣ್ಣುತ್ತದೆ, ಅಂದರು. ಬೆಳೆಯುತ್ತದೆ.
ಮುಟ್ಟಿದರೆ ಅದಕ್ಕೆ ಗೊತ್ತಾಗುತ್ತದೆ. ತನ್ನಂಥದ್ದೇ...
ಮಶಾಕ ಕೈಯೆತ್ತಿಬಿಟ್ಟ. ಕುಲುಮೆಯವರ ಹುಡುಗ,
ಅಂಗಿಯ ತುಂಬ ಕಿಡಿ ಸುಟ್ಟ ತೂತು.
"ಸರ್, ಬೆಂಕಿನೂ ಉಣ್ತದ. ಊದಿದ್ರ ಸಿಟ್ಟಿಗೇಳ್ತದ.
ಒಂದು ಕೆಂಡ ಒಯ್ದು ಮಗ್ಗಲಮನಿ ಒಲ್ಯಾಗ ಹಾಕಿದ್ರ
ಅಲ್ಲೂ ಮರಿ ಹಾಕ್ತದ. ಉಂಡು ಬೂದಿ ಬಿಡ್ತದ."
ಇಡೀ ವರ್ಗ ನಕ್ಕಿತು. ಮಾಸ್ತರರು ನಗಲಿಲ್ಲ.
ಬೆಂಕಿಯನ್ನು ಅವರು ಸರಿಯಾಗಿ ಗೆರೆಯ ಮೇಲೆಯೇ ಬರೆದರು.

ನನ್ನ ಲಂಗದ ಮಡಿಕೆಯಲ್ಲಿ ಒಂದು ಜೋಳದ ಕಾಳಿತ್ತು,
ಮಾಲದಂಡಿ, ಮುತ್ತಿನಂಥದ್ದು.
"ಇದು, ಸರ್?"
ಉಣ್ಣುತ್ತಿರಲಿಲ್ಲ. ಅಲುಗುತ್ತಿರಲಿಲ್ಲ.
ಚಿವುಟಿದರೆ ನೊಂದದ್ದು ನನ್ನ ಉಗುರು.
"ನಾಳೆ ಹೇಳ್ತೀನಿ," ಅಂದರು. ಗಂಟೆ ಹೊಡೆಯಿತು.

ಆ ನಾಳೆ ಬಂದದ್ದು ಭೌರವ್ವನ ಅಂಗಳದಲ್ಲಿ.
ಮೂರು ವರ್ಷ ಮುಚ್ಚಿದ್ದ ಹಗೇವು.
ಮೆತ್ತಿದ ಮಣ್ಣು ಕೆರೆದು, ಹಾರೆ ಹಾಕಿ ಬಂಡೆ ಸರಿಸಿದರು.
ಹುಳಿ ಬಡಿದ ನೆಲದ ವಾಸನೆ ಭಪ್ಪನೆ ಮುಖಕ್ಕೆ ಬಂತು.
ಯಾರೋ ಹುಡುಗ ಧೋತರ ಎತ್ತಿಕಟ್ಟಿ ಇಳಿಯಲು ನಿಂತ.
ಭೌರವ್ವ ಅವನ ರಟ್ಟೆ ಹಿಡಿದೆಳೆದಳು.
ಅವಳ ಮೈದುನನೂ ಒಮ್ಮೆ ಹೀಗೆ ಅವಸರ ಮಾಡಿದ್ದನಂತೆ.
ಅಷ್ಟೇ ಹೇಳುತ್ತಿದ್ದಳು, ಮುಂದಿನದು ಹೇಳುತ್ತಿರಲಿಲ್ಲ.

ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟಳು.
ಬಾಗಿ ನೋಡಿದೆವು, ನಾನು, ಮಶಾಕ, ತಲೆಗೆ ತಲೆ ತಾಗಿಸಿ.
ಒಂದು ಆಳು ಇಳಿಯಿತು, ಉರಿ ತೆಳ್ಳಗಾಯಿತು.
ಇನ್ನೊಂದು ಮೊಳಕ್ಕೆ ನೀಲಿಯ ಒಂದು ಮಣಿ.
ಗಾಳಿಯಿರಲಿಲ್ಲ, ಯಾರೂ ಊದಲಿಲ್ಲ,
ಬೆಂಕಿ ಸತ್ತಿತು.

"ತಡೀರಿ," ಅಂದಳು ಭೌರವ್ವ,
"ಒಳಗ ಕಾಳು ಉಸರಾಡ್ಲಿಕತ್ತಾವ.
ನಮ್ಮ ಪಾಲಿನ ಗಾಳಿ ಉಳಿಸಿಲ್ಲ."

ಉಸಿರು!
ಕಣ್ಣಿಲ್ಲದ, ಬಾಯಿಲ್ಲದ, ಹೆಗಲಿಗೆ ಹೆಗಲು ಒತ್ತಿ ಕೂತ
ಹದಿನೆಂಟು ಚೀಲ ಕತ್ತಲೆ,
ಹನಿ ನೀರು ಕೇಳದೆ, ತನ್ನೊಳಗಿನ ಹಿಟ್ಟನ್ನೇ
ಕೂದಲೆಳೆಯಷ್ಟು ಕೂದಲೆಳೆಯಷ್ಟು ಸವೆಸುತ್ತ
ಮೂರು ವರ್ಷ ಎಳೆದ ಒಂದೊಂದೇ ಉಸಿರು,
ಕಂದೀಲನ್ನು ಕೊಲ್ಲುವಷ್ಟು. ಮೈದುನನನ್ನೂ.

ದಿನವಿಡೀ ಬೇವಿನ ಟೊಂಗೆ ಇಳಿಸಿ ಎತ್ತಿ ಗಾಳಿ ಆಡಿಸಿದರು.
ಸಂಜೆಯ ಕಂದೀಲು ತಳ ಮುಟ್ಟಿಯೂ ಉರಿಯಿತು.
ಮಶಾಕನ ಅಪ್ಪ ಸೊಂಟಕ್ಕೆ ಹಗ್ಗ ಬಿಗಿದು ಇಳಿದ.
ಮೊದಲ ಬುಟ್ಟಿಯಲ್ಲಿ ಕೈಯಿಟ್ಟೆ:
ಬೆಚ್ಚಗಿತ್ತು, ಮಲಗಿ ಎದ್ದವರ ಹಾಸಿಗೆಯ ಹಾಗೆ.

ಮಾಸ್ತರರು ಹತ್ತು ಕಾಳು ಒದ್ದೆ ಬಟ್ಟೆಯಲ್ಲಿ ಸುತ್ತಿ
ಕಿಟಕಿಯಲ್ಲಿಟ್ಟರು. ಏಳು ಮೊಳೆತವು.
ನನ್ನ ಬುದ್ಧಿ ಆ ಮೂರರ ಹಿಂದೆಯೇ ಹೋಯಿತು.
ಅವು ಗೆರೆ ದಾಟಿದ್ದು ಎಂದು?
ನಾವು ಬಂಡೆ ಸರಿಸಿದಾಗಲೋ, ಅದಕ್ಕೂ ಮೊದಲ ಮಳೆಗೋ?
ಮಗ್ಗುಲಲ್ಲಿದ್ದವುಗಳಿಗೆ ಗೊತ್ತಾಯಿತೇ?
ಕೇಳಿದೆ. ಮಾಸ್ತರರು ಕನ್ನಡಕ ಒರೆಸಿದರು, ಬಹಳ ಹೊತ್ತು.

ಈಗ ಆ ಹಲಗೆಯ ಮುಂದೆ ನಾನು ನಿಲ್ಲುತ್ತೇನೆ.
ಒಂಬತ್ತು ಮಕ್ಕಳು. ಹಗೇವು ಮುಚ್ಚಿ
ಅದರ ಮೇಲೆ ನೀರಿನ ಟಾಕಿ ನಿಲ್ಲಿಸಿದ್ದಾರೆ.
ಗೆರೆ ಎಳೆಯುತ್ತೇನೆ, ಬೇಕೆಂದೇ ತುಸು ಸೊಟ್ಟಗೆ,
ಬೆಂಕಿಗೆ ಕಾಯಲು ಬಾರದು ಎಂದಷ್ಟು ಹೇಳುತ್ತೇನೆ.
ಉಳಿದದ್ದು ಪುಸ್ತಕದಲ್ಲಿದೆ.

ಆ ಮೂರು ಕಾಳು? ಭೌರವ್ವ ಅಂಗಳಕ್ಕೆ ಎಸೆದಳು.
ಕೆಂಪು ಕೋಳಿ ಓಡಿ ಬಂದು ಹೆಕ್ಕಿತು,
ನನ್ನನ್ನೊಮ್ಮೆ ಓರೆಗಣ್ಣಿಂದ ನೋಡಿ
ಮರುದಿನ ಬುಟ್ಟಿಯಲ್ಲಿ ತತ್ತಿ ಇಟ್ಟಿತು.