ಊದಿ

ಹೋಮ್‌ಗಾರ್ಡ್ ನಾನು, ಪೊಲೀಸಲ್ಲ.
ಟೋಪಿ ಅವರದ್ದೇ ಥರ, ಸಂಬಳ ದಿನಗೂಲಿ.
ಚೋರಡಿ ಸೇತುವೆಯ ಈಚೆ, ಬ್ಯಾರಿಕೇಡಿನ ಪಕ್ಕ
ರಾತ್ರಿ ಒಂಬತ್ತರಿಂದ ಎರಡರವರೆಗೆ
ನನ್ನ ಕೆಲಸ ಒಂದೇ ಮಾತಿನದು: ಊದಿ.
ಇನ್ನೂ ಜೋರಾಗಿ. ಇನ್ನೂ. ನಿಲ್ಲಿಸಬೇಡಿ.

ಜನರ ಉಸಿರು ಇಷ್ಟು ಬಗೆ ಅಂತ
ಈ ಯಂತ್ರ ಕೈಗೆ ಬರುವ ತನಕ ತಿಳಿದಿರಲಿಲ್ಲ.
ಏಲಕ್ಕಿ ಅಗಿದು ಬಂದವರು, ಪೇರಲೆ ಎಲೆ ಅಗಿದು ಬಂದವರು,
ಒಳಕ್ಕೆ ಎಳೆದುಕೊಂಡು ಊದಿದಂತೆ ನಟಿಸುವವರು,
ಹೆಂಡತಿಯ ಎದುರು ಊದಲಾರದೆ ಅತ್ತವನೊಬ್ಬ.
ಬಿಳಿ ಇನ್ನೋವಾ ಬಂದರೆ ಸಾಹೇಬರೇ ಹೋಗಿ ಬಗ್ಗುತ್ತಾರೆ;
ಅಲ್ಲಿ ಊದುವುದು ಫೋನು.
ಮೂವತ್ತು ದಾಟಿದರೆ ಕೇಸು. ಇಪ್ಪತ್ತೊಂಬತ್ತಕ್ಕೆ ನಮಸ್ಕಾರ.
ನಡುವೆ ಇರುವುದು ಒಂದು ಗುಟುಕೋ, ಒಂದು ಚಪಾತಿಯೋ.

ಹುಚ್ಚರಾಯಪ್ಪ ಬಂದದ್ದು ಹನ್ನೊಂದು ಮುಕ್ಕಾಲಿಗೆ.
ಮದುವೆ ಬ್ಯಾಂಡಿನವನು; ಕುಂಸಿಯಲ್ಲಿ ಆರತಕ್ಷತೆ ಮುಗಿಸಿ
ಕೆಂಪು ಕೋಟಿನಲ್ಲೇ, ಜರಿ ಉದುರಿದ ಭುಜ,
ಟಿವಿಎಸ್ಸಿನ ಮುಂದೆ ಕ್ಲಾರಿಯೊನೆಟ್ಟಿನ ಪೆಟ್ಟಿಗೆ.
ಕೊಳವೆ ತುಟಿಗಿಟ್ಟು ನನ್ನನ್ನೇ ಕೇಳಿದ:
"ಶ್ರುತಿ ಎಷ್ಟಕ್ಕ?"
ಎಂಥ ಉಸಿರು ಅಂತೀರಿ! ಉದ್ದ, ಸಮ, ನಡುಕವಿಲ್ಲ,
ಹೆಣ್ಣು ಒಪ್ಪಿಸುವಾಗ ಊದುವ ಉಸಿರು.
ಯಂತ್ರಕ್ಕೆ ಬೇಕಾದ್ದು ಆರು ಸೆಕೆಂಡು, ಅವನು ಇಪ್ಪತ್ತು ಊದಿದ.
ಎಂಬತ್ತಾರು.

"ಇಷ್ಟೊತ್ತಿಗೆ ಬಸ್ಸಿದೆಯಾ?" ಅಂದ.
ಬಸ್ಸು ಎಂಟೂವರೆಗೆ ಹೋಗಿತ್ತು, ಎಂದಿನಂತೆ.
ಬಾರು ಮುಚ್ಚಿದ್ದು ಹನ್ನೊಂದೂವರೆಗೆ, ಎಂದಿನಂತೆ.
ಎರಡಕ್ಕೂ ಪರವಾನಗಿ ಕೊಟ್ಟ ಸರಕಾರ ಒಂದೇ;
ನಡುವಿನ ಮೂರು ಗಂಟೆ ಅದು ಎಲ್ಲಿರುತ್ತದೆ?
ಇಲ್ಲೇ, ಸೇತುವೆ ಹತ್ತಿರ,
ನನ್ನ ಕೈಗೆ ಕೊಳವೆ ಕೊಟ್ಟು ನಿಂತಿರುತ್ತದೆ.

ಗಾಡಿ ಸೀಜಾಯಿತು. ರಶೀದಿ ಕೋಟಿನ ಜೇಬಿಗೆ.
ಪೆಟ್ಟಿಗೆ ಹೆಗಲಿಗೇರಿಸಿ ನಡೆದ ಕತ್ತಲೊಳಕ್ಕೆ, ಏಳು ಕಿಲೋಮೀಟರು.
ಸ್ವಲ್ಪ ಹೊತ್ತಿಗೆ ಬಂತು ಹಾಲಿನ ವ್ಯಾನು.
ಚಾಲಕ ಊದಿದ: ಸೊನ್ನೆ, ಸೊನ್ನೆ, ಸೊನ್ನೆ.
ಕಣ್ಣು ಮಾತ್ರ ಕೆಂಡ, ಎರಡು ರಾತ್ರಿಯ ನಿದ್ದೆ ಬಾಕಿ.
ನಿದ್ದೆ ಅಳೆಯುವ ಕೊಳವೆ ಇಲಾಖೆ ಕೊಟ್ಟಿಲ್ಲ.
"ಹೋಗಿ" ಅಂದೆ. ನಾನೇ ಅಂದೆ.
ಎರಡನೇ ತಿರುವಿನಲ್ಲಿ ಕೆಂಪು ಕೋಟು ಅವನಿಗೆ ಕಾಣಲಿಲ್ಲ.

ವರದಿಯಲ್ಲಿ: ಪಾದಚಾರಿ ಮದ್ಯ ಸೇವಿಸಿದ್ದ.
ಅದೇ ರಾತ್ರಿಯ ಲೆಕ್ಕದಲ್ಲಿ: ಹದಿನಾಲ್ಕು ಕೇಸು.
ಸಾಹೇಬರು ಅಂದರು, ಹದಿನಾಲ್ಕು ಜೀವ ಉಳಿಸಿದಿರಮ್ಮ.
ಇರಬಹುದು. ನಿಜವಾಗಿಯೂ ಇರಬಹುದು.
ಆಗದ ಅಪಘಾತದ ಗಾಜು ರಸ್ತೆಯಲ್ಲಿ ಬಿದ್ದಿರುವುದಿಲ್ಲ,
ಗುಡಿಸಿ ಎಣಿಸುವುದು ಹೇಗೆ?
ಆದರೆ ಅವನೊಬ್ಬನನ್ನು, ರಸ್ತೆಯಿಂದ ಉಳಿಸಿದ್ದೋ, ರಸ್ತೆಗೆ ಇಳಿಸಿದ್ದೋ.

ಹಾಗಂತ ಬಿಟ್ಟುಬಿಡಿ ಅನ್ನಲಾರೆ.
ನನ್ನ ತಂಗಿ ಇಂದುಮತಿಯನ್ನು
ಹೊಸನಗರದ ರಸ್ತೆಯಲ್ಲಿ ಹೊಡೆದ ಜೀಪಿನವನು ಕುಡಿದಿದ್ದ.
ಮಧ್ಯಾಹ್ನ ಮೂರು ಗಂಟೆ.
ಆ ದಾರಿಯಲ್ಲಿ ಯಾರೂ ಅವನಿಗೆ ಊದು ಅಂದಿರಲಿಲ್ಲ.
ಅಂದಿದ್ದರೆ ಅವಳ ಮಗಳ ಜಡೆ ಇವತ್ತು ನಾನು ಹೆಣೆಯುತ್ತಿರಲಿಲ್ಲ.

ಹುಚ್ಚರಾಯಪ್ಪ ಸಾಯಲಿಲ್ಲ. ಮುಂದಿನ ನಾಲ್ಕು ಹಲ್ಲು ಹೋದವು.
ಕೋರ್ಟಿಗೆ ಹತ್ತು ಸಾವಿರ ಕಟ್ಟಲು
ಪೆಟ್ಟಿಗೆ ಸಮೇತ ಮಾರಿದನಂತೆ.

ಮೊನ್ನೆ ಬಂದ, ಬಿಡಿಸಿಕೊಂಡ ಟಿವಿಎಸ್ಸಿನಲ್ಲಿ.
ಯಾರೂ ತಡೆಯದಿದ್ದರೂ ನಿಲ್ಲಿಸಿ ತಾನೇ ಕೈ ಚಾಚಿದ.
"ಕೊಡಿ ಅಕ್ಕ. ಬಿಟ್ಟಿದೀನಿ, ನೋಡಿ."
ಊದಿದ. ಸಂದಿಯಿಂದ ಗಾಳಿ ಸೋರಿ
ಸಿಳ್ಳೆಯಂಥದೊಂದು ಸದ್ದು, ಯಾವ ಸ್ವರಕ್ಕೂ ಸೇರದ್ದು.
ಯಂತ್ರ ಮಿಟುಕಿತು: ಉಸಿರು ಸಾಲದು.
ಮತ್ತೆ ಊದಿದ. ಉಸಿರು ಸಾಲದು.
ಹಿಂದೆ ಗಾಡಿಗಳು ಹಾರ್ನು ಹೊಡೆಯುತ್ತಿದ್ದವು.
ಕೊಳವೆ ಬದಲಿಸಲೆಂದು ತಲೆ ತಗ್ಗಿಸಿದೆ,
ಬಹಳ ಹೊತ್ತು ಬದಲಿಸುತ್ತಲೇ ಇದ್ದೆ.